‘ಒಂದ್ ಸಲಾನೂ ಕೈಕೊಟ್ಟಿಲ್ಲ’ ಅಂದವರನ್ನು ಏನು ಕೇಳಬೇಕು

"ಯಜಮಾನ್ರೇ, ಇದು ನನ್ ಹತ್ರ ಬಂದು ಹನ್ನೊಂದು ವರ್ಷ ಆತು. ಒಂದ್ ಸಲಾನೂ ಕೈಕೊಟ್ಟಿಲ್ಲ ನೋಡ್ರಿ."

ಹೊನ್ನಾಳಿ ಕಡೆಯ ರೈಸ್ ಮಿಲ್ಲಿನವರೊಬ್ಬರು ನನ್ನ ಅಂಗಡಿಯಲ್ಲಿ ಕೂತು ಮಂಡಕ್ಕಿ ಮಿರ್ಚಿ ತಿನ್ನುತ್ತಾ ತಮ್ಮ .32 (ಅದು ನಳಿಗೆಯ ಅಳತೆ) ಪಿಸ್ತೂಲಿನ ಬಗ್ಗೆ ಹೇಳಿದ ಮಾತು ಇದು. ನಾನು ಕೇಳಿದೆ, "ಹನ್ನೊಂದು ವರ್ಷದಾಗೆ ಎಷ್ಟು ಗುಂಡು ಹಾರ್ಸಿದ್ರಿ?"

ಮಿರ್ಚಿ ಕೆಳಗಿಟ್ಟರು. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ತರಬೇತಿಗೆ ಹೋದಾಗ ಐದು."

"ಆಮೇಲೆ?"

"ಆಮೇಲೆ ಯಾಕ್ರೀ ಹಾರ್ಸ್ಲಿ?"

ಅವರು ಸುಳ್ಳು ಹೇಳಲಿಲ್ಲ. ಐದಕ್ಕೆ ಐದೂ ಹಾರಿವೆ. ಆದರೆ ಹನ್ನೊಂದು ವರ್ಷ ಅನ್ನುವುದು ಪಿಸ್ತೂಲು ಬೀರುವಿನಲ್ಲಿ ಇದ್ದ ಕಾಲ, ಕೆಲಸ ಮಾಡಿದ ಕಾಲವಲ್ಲ. ಪಿಸ್ತೂಲು ಇಟ್ಟುಕೊಂಡವರ ಅನುಭವ ಬರೆದಿಡುವ ನನ್ನ ಖಾತೆ ಪುಸ್ತಕದಲ್ಲಿ ಅವರ ಸಾಲಿಗೆ ‘5–0’ ಅಂತ ಬರೆದುಕೊಂಡೆ. ಐದು ಗುಂಡು, ಸೊನ್ನೆ ತೊಂದರೆ.

ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೂವತ್ತೊಂದು ವರ್ಷ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ನಡೆಸಿದವನು. ಬಂದೂಕು ರಿಪೇರಿಯವನಲ್ಲ, ಪೊಲೀಸ್ ಅಲ್ಲ, ಪದಕ ಗೆದ್ದ ಶೂಟರ್ ಅಂತೂ ಅಲ್ಲವೇ ಅಲ್ಲ. ನನ್ನ ಹತ್ತಿರವೂ ಒಂದು ಪಿಸ್ತೂಲು ಇದೆ. ಅದರ ಮೊದಲ ಲೈಸೆನ್ಸ್ ಪುಸ್ತಕದಲ್ಲಿ ಚಿತ್ರದುರ್ಗದ ಸೀಲ್ ಇದೆ, ಆಗ ದಾವಣಗೆರೆ ಇನ್ನೂ ಜಿಲ್ಲೆ ಆಗಿರಲಿಲ್ಲ. 1997ರ ನಂತರ ಕಡತ ಇಲ್ಲಿಗೆ ಬಂತು. ಆದರೆ ಈ ಖಾತೆ ಪುಸ್ತಕ ಶುರುವಾಗಿದ್ದು ನನಗಾಗಿ ಅಲ್ಲ, ಅಳಿಯನಿಗಾಗಿ. ಅವರದು ಭೀಮಸಮುದ್ರದಲ್ಲಿ ಅಡಿಕೆ ವ್ಯಾಪಾರ. ಲೈಸೆನ್ಸ್ ಬಂದಾಗ ಅವರ ಮುಂದೆ ಎರಡು ದಾರಿ ಇದ್ದವು. ಒಂದು, ನಮ್ಮ ಆರ್ಡನೆನ್ಸ್ ಫ್ಯಾಕ್ಟರಿಯ, ಅಂದರೆ ಸರ್ಕಾರಿ ಬಂದೂಕು ಕಾರ್ಖಾನೆಯ ಹೊಸ .32. ಇನ್ನೊಂದು, ಒಬ್ಬ ಹಿರಿಯರು ಬಿಟ್ಟುಕೊಡುತ್ತಿದ್ದ ಹಳೆಯ ವಿಲಾಯಿತಿ .32. "ಮಾವ, ನಿಮಗೆ ನಾಲ್ಕು ಜನ ಗೊತ್ತು, ಸ್ವಲ್ಪ ವಿಚಾರಿಸಿ" ಅಂದರು. ನಾಲ್ಕು ಜನ ಹೋಗಿ ಹತ್ತೊಂಬತ್ತು ಜನ ಆದರು.

ಈ ಹಳೆಯ ಪಿಸ್ತೂಲುಗಳು ಈಗ ಯಾಕೆ ಇಷ್ಟು ಕೈ ಬದಲಾಗುತ್ತಿವೆ ಅಂತ ಕೇಳಬಹುದು. ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಆಯುಧ ಇದ್ದಿದ್ದನ್ನು ಎರಡಕ್ಕೆ ಇಳಿಸಿದರು. ಮೂರಿದ್ದವರು ಒಂದನ್ನು ಬಿಡಬೇಕಾಯಿತು. ಜೊತೆಗೆ 1980ರ ದಶಕದಿಂದಲೇ ನಮ್ಮಂಥ ಸಾಮಾನ್ಯ ಲೈಸೆನ್ಸ್‌ದಾರರಿಗೆ ವಿದೇಶಿ ಪಿಸ್ತೂಲು ತರಿಸುವ ದಾರಿ ಮುಚ್ಚಿದೆ. ಹಾಗಾಗಿ ವಿಲಾಯಿತಿ ಅಂದರೆ ಹಳೆಯದೇ. ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ ಹಳೆಯ .32 ಪಿಸ್ತೂಲು ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಸಿಗುತ್ತದೆ. ಅದು ಅಲ್ಲಿ ತಯಾರಾಗಿದ್ದು 1940ರವರೆಗೆ ಮಾತ್ರ. ಅಂದರೆ ಅತಿ ಚಿಕ್ಕದಕ್ಕೂ ಎಂಬತ್ತು ದಾಟಿದೆ. ಅಂಥದ್ದರ ವಿಷಯದಲ್ಲಿ ಕಂಪನಿ ಹೆಸರು ನೋಡಿ ಏನೂ ಹೇಳುವ ಹಾಗಿಲ್ಲ. ಇಟ್ಟುಕೊಂಡವರ ಅನುಭವವೇ ಆಧಾರ.

ಅನುಭವ ಕೇಳುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಅವರ ಹತ್ತಿರ ಇರುವುದು ಪಿಸ್ತೂಲೋ ರಿವಾಲ್ವರೋ ಖಚಿತ ಮಾಡಿಕೊಳ್ಳಿ. ನಮ್ಮಲ್ಲಿ ಸೊಂಟಕ್ಕೆ ಸಿಕ್ಕಿಸುವುದೆಲ್ಲ ಪಿಸ್ತೂಲೇ. ನನ್ನ ಹತ್ತೊಂಬತ್ತರಲ್ಲಿ ಇಬ್ಬರು ಅರ್ಧ ಗಂಟೆ ಹೊಗಳಿದ ಮೇಲೆ ಅದು ತಿರುಗುವ ಚಕ್ರದ ರಿವಾಲ್ವರ್ ಅಂತ ತಿಳಿಯಿತು. ಚಕ್ರದ ರಿವಾಲ್ವರಿನ ಕಥೆಯೇ ಬೇರೆ, ಎರಡರ ತೋಟಾಗಳೂ ಬೇರೆ. ಆ ಎರಡು ಸಾಲು ಹೊಡೆದು ಹಾಕಿದೆ. ಇಂಟರ್‌ನೆಟ್‌ನಲ್ಲಿ ಅಮೆರಿಕದವರು 9 ಎಂಎಂ ಪಿಸ್ತೂಲು ಹೊಗಳುವುದನ್ನು ಓದಿಕೊಂಡು ಬಂದವರೂ ಇದ್ದರು. 9 ಎಂಎಂ ನಮಗೆ ನಿಷೇಧಿತ ಬೋರ್, ಅಂದರೆ ಸಾಮಾನ್ಯರು ಇಟ್ಟುಕೊಳ್ಳುವ ಹಾಗಿಲ್ಲದ ನಳಿಗೆ ಅಳತೆ. ಅದನ್ನು ಓದುವುದು ಮನರಂಜನೆಗೆ ಸರಿ, ಖರೀದಿಗೆ ಉಪಯೋಗವಿಲ್ಲ.

ಉಳಿದ ಹದಿನೇಳರಲ್ಲಿ ಹದಿಮೂರು ಮಂದಿ ‘ಕೈಕೊಟ್ಟೇ ಇಲ್ಲ’ ಅಂದವರು. ಆ ಹದಿಮೂರೂ ಜನ ಸೇರಿ ಹಾರಿಸಿದ ಗುಂಡು 186. ಅದರಲ್ಲಿ 90 ಒಬ್ಬರದೇ, ಅವರಿಗೆ ಬೆಂಗಳೂರಿನ ಶೂಟಿಂಗ್ ರೇಂಜ್‌ಗೆ ಹೋಗುವ ಅಭ್ಯಾಸ ಇತ್ತು. ಅವರನ್ನು ಬಿಟ್ಟರೆ ಉಳಿದ ಹನ್ನೆರಡು ಮಂದಿಯದು ತಲೆಗೆ ಎಂಟು. ಒಂದು ಮ್ಯಾಗಜೀನ್, ಅಂದರೆ ಹಿಡಿಯೊಳಗೆ ಕೂರುವ ಒಂದು ತೋಟಾ ಡಬ್ಬಿಯ ಲೆಕ್ಕ ಅಷ್ಟೇ.

ಇದನ್ನು ನನ್ನ ತಂಗಿ ಮಗಳಿಗೆ ತೋರಿಸಿದೆ. ಅವಳು ಕಾಲೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಪಾಠ ಮಾಡುತ್ತಾಳೆ. "ಮಾಮಾ, ಒಂದು ಪಿಸ್ತೂಲು ನೂರಕ್ಕೆ ಐದು ಸಲ ಸಿಕ್ಕಿಕೊಳ್ಳುತ್ತೆ ಅಂತ ಇಟ್ಕೊಳ್ಳಿ. ಅದು ಕೆಟ್ಟ ಪಿಸ್ತೂಲು ತಾನೇ? ಆದರೂ ಅದರಲ್ಲಿ ಐದೇ ಗುಂಡು ಹಾರಿಸಿದರೆ ನೂರರಲ್ಲಿ 77 ಸಲ ಏನೂ ತೊಂದರೆ ಕಾಣಲ್ಲ" ಅಂದಳು. ಅಂದರೆ ರೈಸ್ ಮಿಲ್ಲಿನವರ ಐದು ಗುಂಡು ಒಳ್ಳೆಯ ಪಿಸ್ತೂಲಿಗೂ ಕೆಟ್ಟದ್ದಕ್ಕೂ ಹೆಚ್ಚು ಕಡಿಮೆ ಒಂದೇ ಉತ್ತರ ಕೊಡುತ್ತದೆ.

ಅವಳೇ ಒಂದು ಸುಲಭದ ಲೆಕ್ಕ ಹೇಳಿಕೊಟ್ಟಳು. ಒಂದೂ ತೊಂದರೆ ಇಲ್ಲದೆ ಎಷ್ಟು ಗುಂಡು ಹಾರಿವೆಯೋ ಆ ಸಂಖ್ಯೆಯಿಂದ 3ನ್ನು ಭಾಗಿಸಬೇಕು. ತೊಂದರೆಯ ಪ್ರಮಾಣ ಅದಕ್ಕಿಂತ ಜಾಸ್ತಿ ಇರಲಿಕ್ಕಿಲ್ಲ ಅಂತ ನೂರಕ್ಕೆ 95ರಷ್ಟು ಧೈರ್ಯವಾಗಿ ಹೇಳಬಹುದು. 50 ಗುಂಡು ಸರಾಗ ಹೋಯಿತಾ? 3 ಭಾಗಿಸು 50, ಅಂದರೆ ನೂರಕ್ಕೆ 6. 150 ಹೋದರೆ ನೂರಕ್ಕೆ 2. 300 ಹೋದರೆ ನೂರಕ್ಕೆ 1. ನೂರಕ್ಕೆ 2 ಅಂದರೆ ಚಿಲ್ಲರೆ ಅನ್ನಿಸುತ್ತದೆ ಅಲ್ವಾ? ಎಂಟು ಗುಂಡಿನ ಮ್ಯಾಗಜೀನ್ ಲೆಕ್ಕದಲ್ಲಿ ನೋಡಿ. ಏಳು ಮ್ಯಾಗಜೀನ್‌ಗೆ ಒಂದರಲ್ಲಿ ಎಲ್ಲೋ ಒಂದು ಕಡೆ ಸಿಕ್ಕಿಕೊಳ್ಳುತ್ತದೆ. ನೂರಕ್ಕೆ 5 ಆದರೆ ಮೂರು ಮ್ಯಾಗಜೀನ್‌ಗೆ ಒಂದು.

1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಪಿಸ್ತೂಲು ಆರಿಸುವಾಗ ಜಾನ್ ಬ್ರೌನಿಂಗ್ ಅವರ ಕೋಲ್ಟ್ ಪಿಸ್ತೂಲಿನಿಂದ 6000 ಗುಂಡು ಹಾರಿಸಿ ನೋಡಿತು. ಕಾದಾಗ ನೀರಲ್ಲಿ ಅದ್ದಿ ತಣ್ಣಗೆ ಮಾಡಿದರಂತೆ. ಒಂದೂ ತಡೆ ಬರಲಿಲ್ಲ. ನಮ್ಮ ಲೆಕ್ಕದಲ್ಲಿ ಅದೂ ‘ಎರಡು ಸಾವಿರಕ್ಕೆ ಒಂದಕ್ಕಿಂತ ಜಾಸ್ತಿ ಇರಲಿಕ್ಕಿಲ್ಲ’ ಅಂತ ಮಾತ್ರ ಹೇಳುತ್ತದೆ. ನಾವು .32 ಪಿಸ್ತೂಲಿಗೆ ಹಾಕುವ ತೋಟಾ ಕೂಡ ಅದೇ ಬ್ರೌನಿಂಗ್ ಅವರದ್ದು, 1899ರಲ್ಲಿ ಬಂದಿದ್ದು. ನಮ್ಮವರು ಐದು ಗುಂಡಿಗೆ ಮೀಸೆ ತಿರುವುತ್ತಾರೆ!

ಮಂಡಿಯಲ್ಲಿ ರೈತ "ಚೆನ್ನಾಗಿ ಒಣಗೈತ್ರೀ" ಅಂತಾನೆ. ತೇವದ ಮೀಟರ್‌ಗೆ ಕಾಳು ಹಾಕಿದರೆ 14 ಇರಬೇಕಾದಲ್ಲಿ 18 ತೋರಿಸುತ್ತದೆ. ಅವನು ಮೋಸಗಾರನಲ್ಲ, ಮೇಲಿನ ಕಾಳು ಮುಟ್ಟಿ ಹೇಳಿರುತ್ತಾನೆ. ಪಿಸ್ತೂಲಿನವರೂ ಹಾಗೇ. ಆದ್ದರಿಂದ ಮೊದಲ ಪ್ರಶ್ನೆ ‘ಹೇಗಿದೆ’ ಅಲ್ಲ, ‘ಎಷ್ಟು ಹಾರಿಸಿದ್ದೀರಿ’. ಎರಡನೆಯದು ‘ಕೊನೆಯ ಸಲ ಯಾವಾಗ’. ಹತ್ತು ವರ್ಷದ ಹಿಂದಿನ ಐವತ್ತು ಗುಂಡಿಗಿಂತ ಹೋದ ವರ್ಷದ ಇಪ್ಪತ್ತು ಗುಂಡಿಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಈ ನಡುವೆ ಸ್ಪ್ರಿಂಗ್‌ಗೆ ಏನಾಗಿದೆ, ತುಕ್ಕು ಎಲ್ಲಿ ಹಿಡಿದಿದೆ ಯಾರಿಗೆ ಗೊತ್ತು? ಚುನಾವಣೆ ಬಂದಾಗಲೆಲ್ಲ ಆಯುಧ ಡೆಪಾಸಿಟ್ ಮಾಡುತ್ತೇವೆ. ವಾಪಸ್ ತಂದ ಮೇಲೆ ಬಿಚ್ಚಿ ಒರೆಸಿದಿರಾ ಅಂತಲೂ ಕೇಳಿ. ಮುಖ ನೋಡಿದರೇ ಉತ್ತರ ಗೊತ್ತಾಗುತ್ತದೆ.

ಇನ್ನು ‘ಕೈಕೊಟ್ಟಿದೆ’ ಅಂದ ನಾಲ್ವರು. ಇವರೇ ನನಗೆ ಬಂಗಾರದಂಥವರು. ಎತ್ತು ಮಾರುವವನು ಅದು ಹಾಯುತ್ತದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಪಿಸ್ತೂಲಿನಲ್ಲಂತೂ ಮರ್ಯಾದೆ ಪ್ರಶ್ನೆ ಬೇರೆ ಸೇರಿಕೊಳ್ಳುತ್ತದೆ. ಹಾಗಿದ್ದೂ ಒಬ್ಬರು ತೊಂದರೆ ಒಪ್ಪಿಕೊಂಡರೆ ಅವರ ಹತ್ತಿರ ಇನ್ನೊಂದು ಗಂಟೆ ಕೂರಬೇಕು. ಆದರೆ ಅವರ ಮಾತನ್ನೂ ಹಾಗೇ ಬರೆದುಕೊಂಡರೆ ಪ್ರಯೋಜನವಿಲ್ಲ. ಯಾಕೆಂದರೆ ನಮ್ಮಲ್ಲಿ ಎಲ್ಲ ತೊಂದರೆಗೂ ಒಂದೇ ಹೆಸರು: ‘ಜಾಮ್ ಆತು’. ಜಾಮ್‌ನಲ್ಲಿ ಕನಿಷ್ಠ ಐದು ಜಾತಿ ಇವೆ. ಯಾವ ಜಾತಿ ಅಂತ ತಿಳಿಯಲು ಮೂರು ವಿಷಯ ಕೇಳಿ. ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಓಡುವ ಭಾಗ) ಪೂರ್ತಿ ಮುಚ್ಚಿತ್ತಾ, ಅರ್ಧಕ್ಕೆ ನಿಂತಿತ್ತಾ? ‘ಟಕ್’ ಅಂತ ಸದ್ದು ಬಂತಾ? ಖಾಲಿ ಕೇಸ್, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ತೋಟಾದ ಕವಚ ಎಲ್ಲಿತ್ತು?

ಸ್ಲೈಡ್ ಮುಚ್ಚಿತ್ತು, ‘ಟಕ್’ ಅಂತು, ಹಾರಲಿಲ್ಲ ಅಂದರೆ ಆ ತೋಟಾವನ್ನು ನೋಡಿದಿರಾ ಅಂತ ಕೇಳಬೇಕು. ಹಿಂದಿನ ಪ್ರೈಮರ್ (ಕಿಡಿ ಹೊತ್ತಿಸುವ ಬಿಲ್ಲೆ) ಮೇಲೆ ಆಳವಾದ ಗುಳಿ ಬಿದ್ದಿದ್ದರೆ ತಪ್ಪು ಹೆಚ್ಚಾಗಿ ತೋಟಾದ್ದು. ಗುಳಿ ಮಸುಕಾಗಿದ್ದರೆ ಪಿಸ್ತೂಲಿನದ್ದು, ಅಂದರೆ ಆ ಪ್ರೈಮರ್‌ಗೆ ಬಡಿಯುವ ಫೈರಿಂಗ್ ಪಿನ್ನೋ, ಅದರ ಸ್ಪ್ರಿಂಗೋ, ಅದರ ದಾರಿಯಲ್ಲಿ ಕೂತ ಕೊಳೆಯೋ. ಚೇಂಬರ್‌ನಲ್ಲಿ, ಅಂದರೆ ತೋಟಾ ಕೂತು ಹಾರುವ ಗೂಡಿನಲ್ಲಿ ತೋಟಾನೇ ಇರಲಿಲ್ಲ ಅಂದರೆ ಹೆಚ್ಚಾಗಿ ಮ್ಯಾಗಜೀನ್ ಪೂರ್ತಿ ಕೂತಿರಲಿಲ್ಲ, ಸ್ಲೈಡ್ ತೋಟಾ ಎತ್ತಿಕೊಳ್ಳದೆ ಮೇಲಿಂದ ಹಾದು ಹೋಗಿದೆ. ಹಾಗಿದ್ದರೆ ಅದು ಪಿಸ್ತೂಲಿನ ಲೆಕ್ಕಕ್ಕೆ ಬರುವುದೇ ಇಲ್ಲ. ನನ್ನ ನಾಲ್ವರಲ್ಲಿ ಒಬ್ಬರದು ಇದೇ. ಪಾಪ, ಆರು ವರ್ಷದಿಂದ ಆ ಪಿಸ್ತೂಲನ್ನು ಬೈಯುತ್ತಿದ್ದರು.

ಸ್ಲೈಡ್ ಅರ್ಧಕ್ಕೆ ನಿಂತು, ಹೊಸ ತೋಟಾದ ಮೂತಿ ಎಲ್ಲೋ ಗುದ್ದಿಕೊಂಡಿತ್ತು ಅಂದರೆ ಅದು ಒಳಗೆ ಹೋಗುವಾಗಿನ ತೊಂದರೆ. ಖಾಲಿ ಕೇಸ್ ಹೊರಗೆ ಹಾರದೆ ಹೊಗೆ ಕೊಳವೆ ಥರ ನೆಟ್ಟಗೆ ನಿಂತು ಸಿಕ್ಕಿಕೊಂಡಿತ್ತು ಅಂದರೆ ಹೊರಗೆ ಎಸೆಯುವಾಗಿನದು. ಖಾಲಿ ಕೇಸ್ ಚೇಂಬರ್‌ನಲ್ಲೇ ಉಳಿದು, ಅದರ ಬೆನ್ನಿಗೆ ಇನ್ನೊಂದು ತೋಟಾ ಬಂದು ಗುದ್ದಿತ್ತು ಅಂದರೆ ಎಳೆಯುವ ಕೊಕ್ಕೆಯನ್ನು, ಅಂದರೆ ಎಕ್ಸ್‌ಟ್ರ್ಯಾಕ್ಟರನ್ನು ನೋಡಬೇಕು, ಇಲ್ಲ ಚೇಂಬರ್‌ನ ತುಕ್ಕನ್ನು. ಕೊಕ್ಕೆ ಮುರಿದ ಹಳೆಯ ಪಿಸ್ತೂಲಿಗೆ ಬಿಡಿಭಾಗ ಹುಡುಕುವುದು ಬೇಡದ ಕೆಲಸ.

ಐದನೆಯದು .32ಕ್ಕೇ ಅಂಟಿಕೊಂಡ ಕಾಯಿಲೆ. ಈ ತೋಟಾದ ತಳದಲ್ಲಿ ಸಣ್ಣ ಅಂಚು ಹೊರಗೆ ಚಾಚಿಕೊಂಡಿರುತ್ತದೆ. ಮ್ಯಾಗಜೀನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಇರಬೇಕು. ಹಿಂದೆ ಸೇರಿಕೊಂಡರೆ ಎರಡೂ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ. ಸ್ಲೈಡ್ ಎಷ್ಟು ತಳ್ಳಿದರೂ ಮುಂದೆ ಹೋಗುವುದಿಲ್ಲ. ಉದ್ದ ಕಡಿಮೆ ಇರುವ ತೋಟಾದಲ್ಲಿ ಇದು ಜಾಸ್ತಿ, ಒಳಗೆ ಅಲ್ಲಾಡಲು ಜಾಗ ಸಿಗುತ್ತದಲ್ಲ, ಅದಕ್ಕೆ. ಮಾಲೀಕರು ಇದನ್ನು ‘ಲಾಕ್ ಆತು, ಸ್ಲೈಡ್ ಜಗ್ಗಿದ್ರೂ ಬಿಡ್ಲಿಲ್ಲ, ಮ್ಯಾಗಜೀನೇ ಹೊರಗೆ ತೆಗೀಬೇಕಾತು’ ಅಂತ ಹೇಳುತ್ತಾರೆ. ಆ ಕೊನೆಯ ಮಾತು ಬಂತು ಅಂದರೆ ಹೆಚ್ಚಾಗಿ ಇದೇ. ಪಿಸ್ತೂಲು ಒಳ್ಳೆಯದೇ ಇರಬಹುದು, ತುಂಬಿದ ರೀತಿ ತಪ್ಪಿರಬಹುದು.

ಮ್ಯಾಗಜೀನ್ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಳ್ಳುತ್ತೇನೆ ಅಂತ ಅಳಿಯ ನಗುತ್ತಾರೆ. ನಗಲಿ. ಪಿಸ್ತೂಲಿನ ಅರ್ಧ ಜೀವ ಆ ತಗಡಿನ ಡಬ್ಬಿಯಲ್ಲಿದೆ. ಮೇಲಿನ ಎರಡು ತುಟಿ ಒಂದು ಚೂರು ಅಗಲವಾದರೂ, ಒಂದು ಸಲ ಕಲ್ಲಿನ ಮೇಲೆ ಬಿದ್ದು ನೆಗ್ಗಿದರೂ ತೋಟಾ ಬೇರೆ ಕೋನದಲ್ಲಿ ಎದ್ದು ಬರುತ್ತದೆ. ಆದ್ದರಿಂದ ತೊಂದರೆ ಬಂದವರನ್ನು ‘ಯಾವ ಮ್ಯಾಗಜೀನ್‌ನಲ್ಲಿ?’ ಅಂತ ಕೇಳಿ. ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅವರ ಮನೆಯಲ್ಲೇ ಕೂತು ಎರಡು ಮ್ಯಾಗಜೀನ್‌ಗೂ 1, 2 ಅಂತ ಪೇಂಟ್‌ನಲ್ಲಿ ಗುರುತು ಹಾಕಿಸಿ. ಮುಂದಿನ ಸಲ ರೇಂಜ್‌ಗೆ ಹೋಗಿ ಬಂದ ಮೇಲೆ ಫೋನ್ ಮಾಡಿ ಕೇಳಿ. ತೊಂದರೆ ಒಂದೇ ನಂಬರಿನ ಹಿಂದೆ ಹೋಗುತ್ತಿದ್ದರೆ ಕಳ್ಳ ಸಿಕ್ಕ ಹಾಗೆ. ಹಳೆಯ ವಿಲಾಯಿತಿಯಲ್ಲಿ ಮ್ಯಾಗಜೀನ್ ಮೂಲದ್ದೇನಾ, ನಡುವೆ ಯಾರಾದರೂ ಇಲ್ಲೇ ಮಾಡಿಸಿದ್ದಾ ಅಂತಲೂ ಕೇಳಬೇಕು.

ದಿನಾ ರಾತ್ರಿ ತುಂಬಿ, ಬೆಳಿಗ್ಗೆ ತೆಗೆಯುವ ಶಿಸ್ತಿನವರು ಇರುತ್ತಾರೆ. ಅವರ ಪಿಸ್ತೂಲಿನಲ್ಲಿ ಮೇಲಿನ ಒಂದೇ ತೋಟಾ ನೂರಾರು ಸಲ ಚೇಂಬರ್ ಒಳಗೆ ಹೋಗಿ ಬಂದಿರುತ್ತದೆ. ಗುದ್ದಿ ಗುದ್ದಿ ಅದರ ಗುಂಡು ಕೇಸಿನ ಒಳಗೆ ಜರುಗುತ್ತದೆ. ತೋಟಾ ಗಿಡ್ಡ ಆಗುತ್ತದೆ. ಹಾಗಾದ ತೋಟಾ ಸರಿಯಾಗಿ ಒಳಗೆ ಹೋಗುವುದಿಲ್ಲ. ಹಾರಿಸಿದರೆ ಒಳಗಿನ ಒತ್ತಡವೂ ಜಾಸ್ತಿ. ಅಂಥ ಒಂದು ತೋಟಾ ಕೊಟ್ಟ ತೊಂದರೆಯನ್ನು ಪಿಸ್ತೂಲಿನ ಖಾತೆಗೆ ಬರೆಯಬೇಡಿ.

ತೋಟಾದ ವಿಷಯಕ್ಕೇ ಬಂದರೆ, ಎಷ್ಟು ವರ್ಷದ ಹಳೆಯ ಡಬ್ಬಿ, ಎಲ್ಲಿಟ್ಟಿದ್ದರು, ಎಲ್ಲ ಒಂದೇ ಡಬ್ಬಿಯದ್ದಾ? ಇಷ್ಟು ಕೇಳಿದರೆ ಸಾಕು. ಲೈಸೆನ್ಸ್‌ನಲ್ಲಿ ಬರೆದಷ್ಟೇ ತೋಟಾ ಸಿಗುವುದರಿಂದ ನಮ್ಮವರು ಹದಿನೈದು ವರ್ಷದ ಹಿಂದಿನದನ್ನೂ ಜೋಪಾನ ಮಾಡಿರುತ್ತಾರೆ.

ಈಗ ಆಯುಧಪೂಜೆ. ನಗಬೇಡಿ, ಇದು ನಿಜವಾದ ವಿಷಯ. ಟ್ರ್ಯಾಕ್ಟರ್, ತಕ್ಕಡಿ, ತಿಜೋರಿ ಜೊತೆ ಪಿಸ್ತೂಲಿಗೂ ಪೂಜೆ ಆಗುತ್ತದೆ. ವಿಭೂತಿ, ಕುಂಕುಮ, ಹೂವು, ಮೇಲೆ ಎರಡು ಹನಿ ಎಣ್ಣೆ. ಸ್ಲೈಡಿನ ಸಂದಿಗೆ ಇಳಿದ ಕುಂಕುಮ ಸಂಕ್ರಾಂತಿಗೂ ಅಲ್ಲೇ ಇರುತ್ತದೆ. ನಾನು ನೋಡಿದ ಒಂದು ಪಿಸ್ತೂಲಿನ ಎಕ್ಸ್‌ಟ್ರ್ಯಾಕ್ಟರ್ ಕೆಳಗೆ ಕೆಂಪು ಹಿಟ್ಟಿನ ಗೂಡೇ ಇತ್ತು. ಅದರ ಮೇಲೆ ಭೀಮಸಮುದ್ರದ ಕಡೆ ಗಣಿ ಲಾರಿಗಳ ಕೆಂಪು ಧೂಳು ಬೇರೆ. ಯಾವುದು ಕುಂಕುಮ, ಯಾವುದು ಅದಿರು ಹೇಳುವುದು ಕಷ್ಟ.

ಎಣ್ಣೆ ಇನ್ನೂ ದೊಡ್ಡ ಕಥೆ. ನನ್ನ ನಾಲ್ವರಲ್ಲಿ ಇನ್ನೊಬ್ಬರು ಹೊಳಲ್ಕೆರೆ ಹತ್ತಿರದ ತೋಟದವರು. ಅವರ ತೊಂದರೆ ವಿಚಿತ್ರವಾಗಿತ್ತು. ಬೇಸಿಗೆಯ ತರಬೇತಿಯಲ್ಲಿ ಹತ್ತಕ್ಕೆ ಹತ್ತೂ ಹಾರಿದ್ದವು. ಡಿಸೆಂಬರ್ ಬೆಳಿಗ್ಗೆ ಮೊದಲ ಎರಡೂ ‘ಟಕ್’. ಪ್ರೈಮರ್ ಮೇಲೆ ಮಸುಕಾದ ಗುಳಿ. "ಯಾವ ಎಣ್ಣೆ ಹಾಕ್ತೀರಿ ಗೌಡ್ರೇ?" ಅಂದೆ. "ಮನೇದೇ, ಕೊಬ್ರಿ ಎಣ್ಣೆ. ಶುದ್ಧ ಐತಿ" ಅಂದರು ಹೆಮ್ಮೆಯಿಂದ. ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ತಲೆಗೆ ಹಚ್ಚುವ ಬಾಟಲಿಯನ್ನು ಬಿಸಿಲಿಗೆ ಇಡುತ್ತೇವಲ್ಲ, ಅದೇ ಎಣ್ಣೆ ಫೈರಿಂಗ್ ಪಿನ್ ದಾರಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಬಿಚ್ಚಿ ತೊಳೆಸಿ, ಬಂದೂಕಿನ ಎಣ್ಣೆಯನ್ನು ತೆಳ್ಳಗೆ ಸವರಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಅವರ ಸಾಲಿನಲ್ಲಿ ‘ಕೊಬ್ರಿ ಎಣ್ಣೆ’ ಅಂತ ಬರೆದು, ಪಿಸ್ತೂಲಿನ ಮೇಲಿನ ಆರೋಪ ತೆಗೆದು ಹಾಕಿದೆ.

ಕೈ ಹಿಡಿತದ ತಪ್ಪಿಗೆ ಉದಾಹರಣೆ ನಾನೇ. ಕಣ್ಣಿನ ಆಪರೇಷನ್ ಆದ ವರ್ಷ ರೇಂಜ್‌ನಲ್ಲಿ ನನ್ನ ಪಿಸ್ತೂಲು ಹತ್ತು ಗುಂಡಿಗೆ ಎರಡು ಸಲ ಖಾಲಿ ಕೇಸ್ ಹಿಡಿದುಕೊಂಡಿತು. ಸ್ಪ್ರಿಂಗ್ ಹೋಯಿತು ಅಂತ ಬೈದುಕೊಂಡೆ. ಅಲ್ಲಿದ್ದ ಹವಾಲ್ದಾರರು ಅದೇ ಪಿಸ್ತೂಲು, ಅದೇ ಮ್ಯಾಗಜೀನ್‌ನಲ್ಲಿ ಹತ್ತು ಹಾರಿಸಿದರು. ಹತ್ತೂ ಸರಾಗ. "ಮಣಿಕಟ್ಟು ಸಡಿಲ ಬಿಡ್ತೀರಿ ಸರ್" ಅಂದರು. ಸ್ಲೈಡ್ ಹಿಂದೆ ಓಡುವಾಗ ಕೆಳಗಿನ ಭಾಗ ಗಟ್ಟಿಯಾಗಿ ನಿಲ್ಲಬೇಕು. ಕೈಯೂ ಜೊತೆಗೆ ಹಿಂದೆ ಹೋದರೆ ಸ್ಲೈಡ್‌ಗೆ ಪೂರ್ತಿ ಓಟ ಸಿಗುವುದಿಲ್ಲ. ಅಂದಿನಿಂದ ‘ಬೇರೆಯವರು ಹಾರಿಸಿದಾಗಲೂ ಹೀಗೇ ಆಯಿತಾ?’ ಅನ್ನುವುದು ನನ್ನ ಪ್ರಶ್ನೆಗಳಲ್ಲಿ ಸೇರಿದೆ.

ಒಂದು ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಮಾಲೀಕರಿಗೆ ತೋರಿಸುವ ಹುಮ್ಮಸ್ಸು ಜಾಸ್ತಿ. "ಹೆಂಗೆ ಸಿಕ್ಕಾಕ್ಕಂತು ತೋರಿಸ್ತೀನಿ ಬರ್ರಿ" ಅಂತ ಶುರು ಮಾಡುತ್ತಾರೆ. ಒಬ್ಬರು ನನ್ನೆದುರು ಮೊದಲು ಸ್ಲೈಡ್ ಎಳೆದು ಬಿಟ್ಟರು, ಆಮೇಲೆ ಮ್ಯಾಗಜೀನ್ ತೆಗೆದರು. "ಖಾಲಿ ಐತ್ರೀ" ಅಂತ ನನ್ನ ಕಡೆ ಚಾಚಿದರು. ನಾನು ಕೈ ಹಿಂದೆ ಎಳೆದುಕೊಂಡು, ಗೋಡೆ ಕಡೆ ತಿರುಗಿಸಿ ಇನ್ನೊಮ್ಮೆ ಎಳೆಯಿರಿ ಅಂದೆ. ಚೇಂಬರ್‌ನಿಂದ ಜೀವಂತ ತೋಟಾ ಹಾರಿ ಕಡಪ ಕಲ್ಲಿನ ಮೇಲೆ ಟಿಂಗ್ ಅಂತ ಬಿತ್ತು. ಅವರ ಮೊಮ್ಮಗ ಅಲ್ಲೇ ಹೋಂವರ್ಕ್ ಮಾಡುತ್ತಿದ್ದ. ಮೊದಲು ಮ್ಯಾಗಜೀನ್ ತೆಗೆಯಬೇಕು. ಆಮೇಲೆ ಸ್ಲೈಡ್ ಎಳೆದು ಚೇಂಬರ್‌ಗೆ ಕಣ್ಣಿಟ್ಟು ನೋಡಬೇಕು. ಮನೆಯಲ್ಲಿ, ಅಂಗಡಿಯಲ್ಲಿ ಜೀವಂತ ತೋಟಾ ಹಾಕಿ ತೋರಿಸುವ ಕೆಲಸವೇ ಬೇಡ, ಬಾಯಲ್ಲಿ ಹೇಳಿದರೆ ಸಾಕು. ಲೈಸೆನ್ಸ್ ಇಲ್ಲದವರು ಕೈಗೇ ತೆಗೆದುಕೊಳ್ಳಬೇಡಿ. ತೋಟದಲ್ಲಿ ಒಂದು ಹಾರಿಸಿ ನೋಡೋಣ, ಮದುವೆಯಲ್ಲಿ ನೋಡೋಣ ಅನ್ನುವವರಿಗೆ ಬೇಡ ಅನ್ನಿ. ಸಂಭ್ರಮಕ್ಕೆ ಗುಂಡು ಹಾರಿಸಿದರೆ 2019ರ ತಿದ್ದುಪಡಿ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ.

ರಿಪೇರಿಯವರ ಮಾತನ್ನು ಹೇಗೆ ತೂಗುವುದು? ಅವರ ಹತ್ತಿರ ಬರುವುದೆಲ್ಲ ಕೆಟ್ಟವೇ. ‘ಆ ಕಂಪನಿಯದು ದಿನಾ ಬರ್ತವೆ’ ಅಂದರೆ ಅದು ಕೆಟ್ಟ ಕಂಪನಿ ಅಂತಲೇ ಅಲ್ಲ, ಊರಲ್ಲಿ ಅದೇ ಜಾಸ್ತಿ ಇರಬಹುದು. ಅವರನ್ನು ‘ಯಾವ ಭಾಗ ಹೋಗುತ್ತೆ’ ಅಂತ ಮಾತ್ರ ಕೇಳಿ. ಅಲ್ಲಿ ಅವರಷ್ಟು ತಿಳಿದವರು ಯಾರೂ ಇಲ್ಲ. ಮಾರುವವರ ಮಾತಿಗೆ ನನ್ನ ಪುಸ್ತಕದಲ್ಲಿ ಕಾಲಮ್ಮೇ ಇಲ್ಲ.

ಬೇರೆ ಬೇರೆಯವರ ಗುಂಡುಗಳನ್ನು ಕೂಡಿಸಬಹುದಾ ಅಂತ ತಂಗಿ ಮಗಳನ್ನು ಕೇಳಿದ್ದೆ. ಒಂದೇ ಮಾದರಿ, ಒಂದೇ ಥರದ ತೋಟಾ, ಹೆಚ್ಚು ಕಡಿಮೆ ಒಂದೇ ವಯಸ್ಸಿನ ಪಿಸ್ತೂಲು ಆದರೆ ಕೂಡಿಸಿ, ಅದು ಆ ಮಾದರಿಯ ಬಗ್ಗೆ ಹೇಳುತ್ತೆ, ನೀವು ಕೊಳ್ಳುವ ಆ ಒಂದು ಪಿಸ್ತೂಲಿನ ಬಗ್ಗೆ ಅಲ್ಲ ಅಂದಳು. ಹೊಸ ಆರ್ಡನೆನ್ಸ್ ಪಿಸ್ತೂಲಿಗೆ ಇದು ನಡೆಯಿತು, ಏಳು ಜನರದು ಒಂದೇ ಮಾದರಿ ಇತ್ತು. ಹಳೆಯ ವಿಲಾಯಿತಿಗೆ ನಡೆಯಲಿಲ್ಲ. ಎಂಬತ್ತು ವರ್ಷದಲ್ಲಿ ಒಂದೊಂದು ಒಂದೊಂದು ಮನೆಯಲ್ಲಿ ಬೆಳೆದಿದೆ. ಒಡಹುಟ್ಟಿದವರಾದರೂ ಸ್ವಭಾವ ಬೇರೆ.

ಹಾಗಾಗಿ ಕೊನೆಗೆ ಅದೇ ಪಿಸ್ತೂಲನ್ನು ರೇಂಜ್‌ನಲ್ಲಿ ನೋಡಲೇಬೇಕು. ಲೈಸೆನ್ಸ್‌ದಾರರೇ ತಂದು, ಅನುಮತಿ ಇರುವ ಜಾಗದಲ್ಲಿ ಹಾರಿಸಬೇಕು. ನಾನು ಹೇಳುವುದು ಕನಿಷ್ಠ ಐವತ್ತು, ಎರಡು ಮ್ಯಾಗಜೀನ್‌ಗೂ ಸಮ ಪಾಲು. ಮೊದಲ ಇಪ್ಪತ್ತೈದನ್ನು ಒರೆಸದೆ, ಅವರ ಮನೆಯಿಂದ ಹೇಗೆ ಬಂತೋ ಹಾಗೇ. ಖರ್ಚು ಇದೆ, ತೋಟಾ ಲೆಕ್ಕವೂ ಇದೆ, ಅರ್ಥವಾಗುತ್ತದೆ. ಆದರೆ ಐದು ಹಾರಿಸಿ ಕೈ ಕುಲುಕುವುದಕ್ಕಿಂತ ಹಾರಿಸದೆ ಇರುವುದೇ ವಾಸಿ, ಸುಳ್ಳು ಧೈರ್ಯವಾದರೂ ಬರುವುದಿಲ್ಲ. ‘ಟಕ್’ ಅಂದು ಹಾರದಿದ್ದರೆ ಮೂತಿಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರುವುದೂ ಉಂಟು. ಸದ್ದು ಮಾಮೂಲಿಗಿಂತ ಸಣ್ಣಗೆ ಬಂದರೆ ಅಲ್ಲಿಗೇ ನಿಲ್ಲಿಸಿ, ಗುಂಡು ಬ್ಯಾರಲ್ ಒಳಗೇ ಉಳಿದಿರಬಹುದು. ಐವತ್ತರಲ್ಲಿ ಒಂದು ತೊಂದರೆ ಬಂತು ಅಂತ ತಕ್ಷಣ ಬೇಡ ಅನ್ನಬೇಡಿ. ಯಾವ ಜಾತಿ, ಯಾವ ಮ್ಯಾಗಜೀನ್ ಬರೆದುಕೊಂಡು ಇನ್ನೊಂದು ದಿನ ಇನ್ನೈವತ್ತು. ಅದೇ ಜಾತಿ ಇನ್ನೊಂದು ಸಲ ಬಂದರೆ, ಕಾರಣ ಗೊತ್ತಾಗದಿದ್ದರೆ, ನಮಸ್ಕಾರ ಹೇಳಿ ಬನ್ನಿ.

ಆ ಹಿರಿಯರ ವಿಲಾಯಿತಿ ನೋಡಲು ಎಷ್ಟು ಚೆಂದ! ಐವತ್ತರಲ್ಲಿ ಮೂರು ಸಲ ಮೂತಿ ಗುದ್ದಿಕೊಂಡಿತು. ಮೂರೂ ಎರಡನೇ ಮ್ಯಾಗಜೀನ್‌ನಲ್ಲಿ, ಅದು ಯಾರೋ ಮಾಡಿಸಿದ್ದು. ಮೊದಲನೆಯದರಲ್ಲಿ ಒಂದೂ ಇಲ್ಲ. ಪಿಸ್ತೂಲು ಒಳ್ಳೆಯದೇ. ಆದರೆ ಇರುವುದು ಒಂದೇ ಒಳ್ಳೆಯ ಮ್ಯಾಗಜೀನ್, ಅದು ಹೋದರೆ ಇನ್ನೊಂದು ಸಿಗುವ ಭರವಸೆ ಇಲ್ಲ. ಅಳಿಯ ಹೊಸದನ್ನೇ ತಗೊಂಡರು. ಅದರ ಮೊದಲ ನೂರರಲ್ಲಿ ಒಂದು ಸಲ ಮ್ಯಾಗಜೀನ್ ಪೂರ್ತಿ ಕೂರಿಸಿರಲಿಲ್ಲ. ಅದನ್ನು ಅವರ ಹೆಸರಿಗೇ ಬರೆದೆ, ಪಿಸ್ತೂಲಿನ ಹೆಸರಿಗಲ್ಲ. ಸ್ವಲ್ಪ ಮುನಿಸಿಕೊಂಡರು.

ಮೊನ್ನೆ ಶನಿವಾರ ರೈಸ್ ಮಿಲ್ಲಿನವರು ಮತ್ತೆ ಬಂದಿದ್ದರು. ಕೂರುವ ಮೊದಲೇ, "ಆ ಪುಸ್ತಕ ತೆಗೀರಿ ಯಜಮಾನ್ರೇ" ಅಂದರು. ಆ ದಿನ ನಾನು ಕೇಳಿದ್ದು ತಲೆಯಲ್ಲಿ ಕೂತಿತ್ತಂತೆ, ಬೆಂಗಳೂರಿಗೆ ಹೋಗಿ ಇಪ್ಪತ್ತೈದು ಹಾರಿಸಿ ಬಂದಿದ್ದರು. "ಎರಡ್ ಸಲ ಸಿಕ್ಕಾಕ್ಕಂತು. ಖಾಲಿ ಕೇಸ್ ನೆಟ್ಟಗೆ ನಿಂತಿತ್ತು. ಎರಡೂ ಒಂದನೇ ನಂಬರ್ ಮ್ಯಾಗಜೀನ್. ನಂಬರ್ ನಾನೇ ಹಾಕೀನಿ." ‘5–0’ ಹೊಡೆದು ‘30–2’ ಅಂತ ಬರೆದೆ. ಅವರು ಕನ್ನಡಕ ಹಾಕಿಕೊಂಡು ಸಾಲನ್ನು ಓದಿ, ‘ಮಣಿಕಟ್ಟು?’ ಅಂತ ಪಕ್ಕದಲ್ಲಿ ಸೇರಿಸಲು ಹೇಳಿದರು.